ಮನೆಮಂದಿಯೆಲ್ಲ ವಂಡರ್‌ಲಾಗೆ ಹೋಗುವಾಗ: ನನ್ನ ಅನುಭವ

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಿಡದಿ ಹತ್ತಿರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೊರಡುವವರು ಮೊದಲು ಬಿಡಬೇಕಾದದ್ದು ಒಂದೇ, ಇಡೀ ದಿನ ಎಲ್ಲರೂ ಒಟ್ಟಿಗೇ ಇರಬೇಕು ಅನ್ನೋ ಹಠ. ಅಜ್ಜಿಗೆ ನೆರಳು ಬೇಕು. ಐದು ವರ್ಷದ ಹುಡುಗನಿಗೆ ನೀರು ಬೇಕು. ಹೈಸ್ಕೂಲಿಗೆ ಹೋಗುವ ಹುಡುಗಿಗೆ ತಲೆಕೆಳಗು ಮಾಡುವ ರೈಡೇ ಆಗಬೇಕು. ಈ ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಒಬ್ಬರಿಗೆ ಮಜಾ, ಇಬ್ಬರಿಗೆ ಬರೀ ಕಾಯುವ ಕೆಲಸ. ಸಂಜೆ ಹೊತ್ತಿಗೆ ಒಬ್ಬರ ಮೇಲೊಬ್ಬರು ರೇಗಾಡುವುದು ಇದರಿಂದಲೇ.

ನಮ್ಮದು ತುಮಕೂರು. ನಾನು, ನಮ್ಮ ಯಜಮಾನರು, ಮಗಳು, ಮಗ, ನಮ್ಮತ್ತೆ, ಜೊತೆಗೆ ಕೆಲವು ಸಲ ಮೈದುನ. ಹೋಗುತ್ತಾ ಹೋಗುತ್ತಾ ನಮಗೆ ನಾವೇ ಮಾಡಿಕೊಂಡ ಪದ್ಧತಿ ಇದು. ನಿಮ್ಮನೆಗೆ ಪೂರ್ತಿ ಹೊಂದದೆ ಇರಬಹುದು, ಬೇಕಾದ್ದನ್ನು ತಗೊಳ್ಳಿ.

ಮೊದಲು ದಿನದ ಮಾತು. ಬೇಸಿಗೆ ರಜೆಯ ಶನಿವಾರ ಭಾನುವಾರ, ದಸರಾ ರಜೆ, ಕ್ರಿಸ್‌ಮಸ್ ವಾರ, ಇವಿಷ್ಟನ್ನು ಬಿಟ್ಟರೆ ಅರ್ಧ ಗೆದ್ದ ಹಾಗೆ. ಡಿಸೆಂಬರ್‌ನಲ್ಲಿ ವಾರದ ನಡುವೆಯೂ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬಂದು ನಿಂತಿರುತ್ತವೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಮಗೆ ಒಗ್ಗಿದ್ದು ಜೂನ್ ಕೊನೆ, ಜುಲೈ. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಜನ ಕಮ್ಮಿ, ಮೋಡ ಮುಚ್ಚಿರುವುದರಿಂದ ಬಿಸಿಲಿನ ಕಾಟವೂ ಇಲ್ಲ. ಮಕ್ಕಳಿಗೆ ಒಂದು ಮಂಗಳವಾರ ರಜೆ ಹಾಕಿಸಿದರೆ ಏನೂ ಮುಳುಗಿಹೋಗುವುದಿಲ್ಲ, ಅವರ ಮಿಸ್ ಇದನ್ನು ಓದದಿದ್ದರೆ ಸಾಕು. ಗುಡುಗು ಮಳೆ ಬಂದರೆ ಎತ್ತರದ ರೈಡ್‌ಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ, ಅದೊಂದು ಇದೆ. ಆದರೆ ಹೇಗಿದ್ದರೂ ನೆನೆಯಲಿಕ್ಕೇ ಹೋಗಿರುತ್ತೇವೆ, ಅಲ್ವಾ?

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ. ವಾರದ ದಿನಗಳಿಗೆ ಒಂದು ದರ, ವಾರಾಂತ್ಯಕ್ಕೆ ಒಂದು ದರ. ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ವಿದ್ಯಾರ್ಥಿ ರಿಯಾಯಿತಿ ಇದೆಯಾ ನೋಡಿ. ಇದ್ದರೆ ಐಡಿ ಕಾರ್ಡಿನ ಒರಿಜಿನಲ್ಲೇ ಜೊತೆಗಿರಲಿ, ಮೊಬೈಲಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಅಂತ ಬೇರೆ ಇದೆ, ಬೆಲೆ ಸಾಕಷ್ಟು ಜಾಸ್ತಿ. ಅದನ್ನು ಮನೆಮಂದಿಗೆಲ್ಲ ತೆಗೆಸುವುದು ದುಡ್ಡು ದಂಡ. ಜೋರು ರೈಡ್‌ಗಳಿಗೆ ಹೋಗುವವರು ಮಗಳು ಮತ್ತು ಮೈದುನ ಇಬ್ಬರೇ ಆದರೆ, ಜನ ಜಾಸ್ತಿ ಇರುವ ದಿನ ಅವರಿಬ್ಬರಿಗೆ ಮಾತ್ರ ತೆಗೆಸುತ್ತೇವೆ. ಅತ್ತೆಗೆ, ಚಿಕ್ಕವನಿಗೆ, ಅವನ ಹಿಂದೆ ಓಡುವ ನನಗೆ ಸಾದಾ ಟಿಕೆಟ್ಟೇ ಜಾಸ್ತಿ.

ದಾರಿ ಸುಲಭ. ಪಾರ್ಕ್ ಇರುವುದು ಮೈಸೂರು ರಸ್ತೆಯಲ್ಲಿ, ಬಿಡದಿಗೆ ಸ್ವಲ್ಪ ಮುಂಚೆ, ಬೆಂಗಳೂರಿನಿಂದ ಸುಮಾರು 28 ಕಿ.ಮೀ. ನಮ್ಮ ಕಡೆಯಿಂದ ಬರುವವರು ಊರೊಳಗೆ ನುಗ್ಗುವುದೇ ಬೇಡ. ತುಮಕೂರು ರಸ್ತೆಯ ಮಾದಾವರದಲ್ಲಿ ನೈಸ್ ರಸ್ತೆ ಹತ್ತಿ ಮೈಸೂರು ರಸ್ತೆಯಲ್ಲಿ ಇಳಿದರಾಯಿತು. ಟೋಲ್ ಕೊಡಬೇಕು, ಆದರೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮಕ್ಕಳು 'ಇನ್ನೂ ಎಷ್ಟು ದೂರ' ಅಂತ ಕೇಳೋದು ತಪ್ಪುತ್ತದೆ. ಮೈಸೂರು ರಸ್ತೆಗೆ ಬಂದ ಮೇಲೆ ಸರ್ವಿಸ್ ರಸ್ತೆಯಲ್ಲೇ ಇರಿ. ಎಕ್ಸ್‌ಪ್ರೆಸ್‌ವೇ ಹತ್ತಿದರೆ ಬೇಕಾದ ಕಡೆ ಇಳಿಯಲು ಆಗುವುದಿಲ್ಲ, ಬೈಕು ಆಟೋಗಳನ್ನಂತೂ 2023ರಿಂದ ಅಲ್ಲಿಗೆ ಬಿಡುವುದೇ ಇಲ್ಲ. ಬಸ್ಸಿನಲ್ಲಿ ಹೋಗುವವರಿಗೆ ಮೆಜೆಸ್ಟಿಕ್‌ನಿಂದ, ಮಾರ್ಕೆಟ್‌ನಿಂದ ಬಿಡದಿ ಕಡೆ ಬಿಎಂಟಿಸಿ ಬಸ್ಸುಗಳಿವೆ. ಹೆಂಗಸರು ಆಧಾರ್ ಕಾರ್ಡ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಸಾದಾ ಬಸ್ಸಿನಲ್ಲಿ ದುಡ್ಡಿಲ್ಲ, ಎಸಿ ಬಸ್ಸಿಗೆ ಮಾತ್ರ ಟಿಕೆಟ್ ತಗೋಬೇಕು. ಮೆಟ್ರೋದಲ್ಲಿ ನೇರಳೆ ಮಾರ್ಗದ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ ಬಂದು ಅಲ್ಲಿಂದ ಬಸ್ಸೋ ಕ್ಯಾಬೋ ಹಿಡಿಯಬಹುದು.

ಹೊರಡುವ ಹಿಂದಿನ ವಾರ ಮನೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ, ಮಕ್ಕಳ ಎತ್ತರ ಅಳೆಯುವುದು. ಇಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ರೈಡಿಗೆ ಹತ್ತಿಸುವುದೂ ಎತ್ತರ ನೋಡಿಯೇ. ಚಪ್ಪಲಿ ಬಿಚ್ಚಿಸಿ, ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಟೇಪು ಹಿಡಿದು ನೋಡಿ. ಜುಟ್ಟು ಲೆಕ್ಕಕ್ಕಿಲ್ಲ. ಆಮೇಲೆ ಪಾರ್ಕಿನ ವೆಬ್‌ಸೈಟಿನಲ್ಲಿ ಪ್ರತಿ ರೈಡಿಗೂ ಕೊಟ್ಟಿರುವ ಎತ್ತರದ ಪಟ್ಟಿ ತೆಗೆದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವುದಕ್ಕೆ ಹೋಗಬಹುದು, ಯಾವುದಕ್ಕೆ ಈ ಸಲ ಆಗುವುದಿಲ್ಲ ಅಂತ ಓದಿ ಹೇಳಿ. ರೈಡಿನ ಬಾಗಿಲಲ್ಲಿ ಅಳತೆ ಕಂಬದ ಪಕ್ಕ ಹಿಮ್ಮಡಿ ಎತ್ತಿ ನಿಲ್ಲುವ ಮಕ್ಕಳನ್ನು ನೋಡಿದ್ದೀನಿ. ಅಲ್ಲಿ ಕೆಲಸಕ್ಕೆ ನಿಂತ ಹುಡುಗ ಮಗುವಿನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟು ಒತ್ತುತ್ತಾನೆ, ಹಿಮ್ಮಡಿ ಕೆಳಗೆ ಬರುತ್ತದೆ, ಮುಖ ಸಪ್ಪಗಾಗುತ್ತದೆ. ಅಷ್ಟು ಹೊತ್ತು ಸಾಲಿನಲ್ಲಿ ನಿಂತ ಮೇಲೆ ಅಳು ಬರದೆ ಇನ್ನೇನು ಬರುತ್ತದೆ? ಅದೇ ಮಾತು ಮನೆಯಲ್ಲಿ ಹೇಳಿದ್ದರೆ ಐದು ನಿಮಿಷ ಮುನಿಸಿಕೊಂಡು ಸುಮ್ಮನಾಗಿರುತ್ತಿತ್ತು.

ಬಟ್ಟೆ. ನೀರಿನ ರೈಡ್‌ಗಳಿಗೆ ಸೀರೆ, ಚೂಡಿದಾರ್, ಜೀನ್ಸ್, ಕಾಟನ್ ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ. ನೈಲಾನ್, ಪಾಲಿಯೆಸ್ಟರ್ ಬೇಕು. ಸುಮ್ನೆ ಮಾಡಿದ ನಿಯಮವಲ್ಲ ಇದು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ದುಪಟ್ಟಾ ಸೆರಗು ಜಾರುಬಂಡೆಯಲ್ಲಿ ಸಿಕ್ಕಿಕೊಂಡರೆ ಅಪಾಯ. ಒಳಗೂ ಮಾರುತ್ತಾರೆ, ಆದರೆ ಮನೆಮಂದಿಗೆಲ್ಲ ಅಲ್ಲೇ ಕೊಂಡರೆ ಬಿಲ್ಲು ಏರುತ್ತದೆ. ನಾನು ಪೂರ್ತಿ ಕೈಯ, ಪೂರ್ತಿ ಕಾಲಿನ ಈಜುಡುಗೆ ಮೊದಲೇ ಕೊಂಡಿಟ್ಟುಕೊಂಡಿದ್ದೇನೆ. ಗಂಡಸರಿಗೆ ನೈಲಾನ್ ಚಡ್ಡಿ, ಜರ್ಸಿ ಬಟ್ಟೆಯ ಟಿ ಶರ್ಟು. ಇನ್ನೊಂದು ವಿಷಯ, ರಬ್ಬರ್ ಚಪ್ಪಲಿ ಮರೆಯಬೇಡಿ. ಏಪ್ರಿಲ್ ಮೇನಲ್ಲಿ ಒಂದು ಕೊಳದಿಂದ ಇನ್ನೊಂದಕ್ಕೆ ನಡೆಯುವಾಗ ಕೆಳಗಿನ ನೆಲ ಕಾದ ಹೆಂಚು. ಮಕ್ಕಳು ಕುಪ್ಪಳಿಸಿಕೊಂಡು ಓಡುತ್ತವೆ, ಒದ್ದೆ ನೆಲದಲ್ಲಿ ಓಡಿದರೆ ಜಾರಿ ಬೀಳುತ್ತವೆ.

ಈಗ ಗುಂಪು ಒಡೆಯುವ ವಿಷಯಕ್ಕೆ ಬರುತ್ತೇನೆ. ಹೇಳಲು ಸುಲಭ, ಮಾಡಲು ಒಂದು ತೊಡಕಿದೆ. ನೀರಿಗೆ ಇಳಿಯುವಾಗ ಫೋನುಗಳೆಲ್ಲ ಲಾಕರಿನಲ್ಲಿ. ರೋಲರ್ ಕೋಸ್ಟರ್ ಹತ್ತುವಾಗಲೂ ಜೇಬು ಖಾಲಿ ಮಾಡಬೇಕು. ಅಂದಮೇಲೆ ಬೇರೆ ಬೇರೆ ಹೋದವರು ಮತ್ತೆ ಸೇರುವುದು ಹೇಗೆ? ಫೋನು ಬರುವ ಮುಂಚೆ ಜಾತ್ರೆಯಲ್ಲಿ ಹೇಗೆ ಸೇರುತ್ತಿದ್ದರೋ ಹಾಗೆ. ಒಂದು ಜಾಗ, ಒಂದು ಹೊತ್ತು. ಒಳಗೆ ಹೋದ ಕೂಡಲೇ ಎಲ್ಲರೂ ಸೇರಿ ನೆರಳಿರುವ, ಕೂರಲು ಬೆಂಚಿರುವ, ಶೌಚಾಲಯ ಹತ್ತಿರವಿರುವ ಒಂದು ಕಡೆ ನೋಡಿಕೊಳ್ಳುತ್ತೇವೆ. ಅದು ಅತ್ತೆಯ ಠಾಣೆ. 'ನೀವೆಲ್ಲ ಹೋಗ್ರಪ್ಪ, ನಾನು ಇಲ್ಲೇ ಕೂತಿರ್ತೀನಿ' ಅಂತ ಅವರು ಒಣ ಬಟ್ಟೆಯ ಚೀಲ ಪಕ್ಕಕ್ಕೆ ಇಟ್ಟುಕೊಂಡು ಕೂರುತ್ತಾರೆ. ಗುಂಪಿಗೊಂದು ನೀರು ಹೋಗದ ಕೈಗಡಿಯಾರ. ಒಂದೂವರೆಗೆ ಅಂದರೆ ಒಂದೂವರೆಗೆ ಅಲ್ಲಿರಬೇಕು, ರೈಡಿನ ಸಾಲು ಎಷ್ಟೇ ಮುಂದೆ ಹೋಗಿದ್ದರೂ ಬಿಟ್ಟು ಬರಬೇಕು. ಇದೊಂದರಲ್ಲಿ ಮೈದುನನ ಹತ್ತಿರವೂ ನಾನು ರಾಜಿ ಆಗುವುದಿಲ್ಲ. ಚಿಕ್ಕವನ ಮುಂಗೈ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಅತ್ತೆಯ ಫೋನ್ ನಂಬರ್ ಬರೆಯುತ್ತೇನೆ, ಯಾಕೆಂದರೆ ಫೋನು ಕೈಯಲ್ಲೇ ಇರುವುದು ಅವರೊಬ್ಬರದು. ಬಾಲ್ ಪೆನ್ನಿನದು ಕೊಳದಲ್ಲಿ ಅಳಿಸಿಹೋಗುತ್ತದೆ.

ಹಾಗಂತ ಅತ್ತೆಯನ್ನು ಕಾವಲಿಗೆ ಕೂರಿಸಿಬಿಡಬೇಡಿ. ಅವರಿಗೂ ಟಿಕೆಟ್ ತೆಗೆಸಿದ್ದೇವೆ. ಸ್ಕೈ ವೀಲ್ ಅಂತ ಇದೆ, ಎತ್ತರದ ಕಟ್ಟಡದ ತುದಿಯಲ್ಲಿ ಕೂರಿಸಿದ ಜೈಂಟ್ ವೀಲ್, ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋಗುತ್ತಾರೆ. ನಿಧಾನಕ್ಕೆ ತಿರುಗುತ್ತದೆ, ಸುತ್ತಲ ಊರು ಕಾಣುತ್ತದೆ, ಸೀರೆಯಲ್ಲೇ ಕೂರಬಹುದು. ಬಿಪಿ, ಬೆನ್ನುನೋವು, ಹೃದಯದ ತೊಂದರೆ ಇರುವವರು, ಬಸುರಿಯರು ಜೋರು ರೈಡ್‌ಗಳ ಹತ್ತಿರ ಹೋಗಬಾರದು ಅಂತ ಬೋರ್ಡ್ ಹಾಕಿರುತ್ತಾರೆ, ಅದನ್ನು ನಿಂತು ಓದಿ.

ದಿನದ ಕ್ರಮದಲ್ಲಿ ನಮ್ಮದು ಮೊದಲು ಒಣ ರೈಡು, ಆಮೇಲೆ ನೀರು. ಪಾರ್ಕ್ ತೆರೆಯುವುದು ಹನ್ನೊಂದಕ್ಕೆ. ನೀರಿನ ಕಡೆ ಆಗಲೇ ಶುರುವಾಗಿರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಬಿಡುತ್ತಾರೆ. ಮೊದಲ ಒಂದು ಗಂಟೆ ಚಿನ್ನದಂಥ ಹೊತ್ತು. ಬಂದವರೆಲ್ಲ ಬಾಗಿಲ ಹತ್ತಿರದ ರೈಡಿಗೆ ಮುಗಿಬೀಳುತ್ತಾರೆ, ನಮ್ಮ ದೊಡ್ಡವರ ಗುಂಪು ಅದನ್ನು ದಾಟಿ ಸೀದಾ ರಿಕಾಯಿಲ್ ಅನ್ನೋ ರೋಲರ್ ಕೋಸ್ಟರ್ ಕಡೆ ನಡೆಯುತ್ತದೆ. ಅದು ಕೂತವರನ್ನು ಹಿಮ್ಮುಖವಾಗಿ ಮೇಲಕ್ಕೆ ಎಳೆದು ಬಿಟ್ಟುಬಿಡುತ್ತದೆ, ತಲೆಕೆಳಗಾಗಿ ಸುತ್ತಿ ಆ ಕಡೆಯ ತುದಿ ಹತ್ತುತ್ತದೆ, ಆಮೇಲೆ ಅದೇ ದಾರಿಯಲ್ಲಿ ಹಿಂದುಹಿಂದಕ್ಕೆ ವಾಪಸ್ಸು. ಮೈದುನ ಇಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಮಗಳು ಇಳಿದ ಕೂಡಲೇ ಇನ್ನೊಮ್ಮೆ ಅನ್ನುತ್ತಾಳೆ. ಕನ್ನಡಕ ಇರುವವರು ತೆಗೆದು ಕೆಳಗೆ ಕೊಟ್ಟು ಹೋಗಿ.

ಇದೆಲ್ಲ ಊಟಕ್ಕೆ ಮುಂಚೆಯೇ ಆಗಬೇಕು. ಕಣ್ಣು ಒಂದು ಹೇಳುತ್ತದೆ, ಕಿವಿಯ ಒಳಗಿನ ಸಮತೋಲದ ಭಾಗ ಇನ್ನೊಂದು ಹೇಳುತ್ತದೆ, ಈ ಗೊಂದಲಕ್ಕೆ ಹೊಟ್ಟೆ ತೊಳಸುತ್ತದೆ. ಹೊಟ್ಟೆ ತುಂಬ ಬಿರಿಯಾನಿ ಇದ್ದರೆ ಕೇಳಲೇಬೇಡಿ. ಹಾಗಂತ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಕೈಮಗುವಿನ ಆಹಾರಕ್ಕೆ ಮಾತ್ರ ಅಡ್ಡಿಯಿಲ್ಲ. ಅದಕ್ಕೇ ನಾವು ಪಾರ್ಕ್ ದಾಟಿ ಮುಂದೆ ಹೋಗಿ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್ಸು ಬರುತ್ತೇವೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ, ದೊಡ್ಡವರಿಗೂ ಎರಡು ಸಾಕು. ಒಂಬತ್ತೂವರೆಗೆ ತಿಂದರೆ ಒಂದೂವರೆವರೆಗೆ ಹಸಿವಿನ ಮಾತಿಲ್ಲ. ನಮ್ಮ ತುಮಕೂರಿನ ತಟ್ಟೆ ಇಡ್ಲಿಯೇ ಮೇಲು ಅಂತ ಯಜಮಾನರು ಪ್ರತಿ ಸಲ ಹೇಳುತ್ತಾರೆ, ಆಮೇಲೆ ಇನ್ನೊಂದು ತರಿಸಿಕೊಳ್ಳುತ್ತಾರೆ.

ಊಟ ಮುಗಿಸಿ ಅರ್ಧ ಗಂಟೆ ಕೂತು ನೀರಿನ ಕಡೆಗೆ. ಇಲ್ಲಿ ಚಿಕ್ಕವನ ರಾಜ್ಯ, ಯಜಮಾನರೂ ನಾನೂ ಸರದಿ ಮೇಲೆ ಅವನ ಜೊತೆ. ಅಲೆಯ ಕೊಳದಲ್ಲಿ ಮಗುವನ್ನು ಮೊಣಕಾಲುದ್ದದ ನೀರಿನಾಚೆ ಬಿಡಬೇಡಿ. ಅಲೆ ಶುರುವಾದಾಗ ನೀರು ಎದೆವರೆಗೆ ಏರುವುದಕ್ಕಿಂತ, ವಾಪಸ್ಸು ಎಳೆದುಕೊಳ್ಳುವಾಗ ಕಾಲು ತಪ್ಪುವುದೇ ಜಾಸ್ತಿ. ತೋಳಿಗೆ ಹಾಕುವ ಗಾಳಿ ಬಲೂನನ್ನು ನಂಬಿ ಕೈ ಬಿಟ್ಟು ನಿಲ್ಲುವವರನ್ನು ನೋಡಿದರೆ ನನಗೆ ಹೆದರಿಕೆ. ಮಗುವಿನ ಮುಂಗೈಯನ್ನು ನೀವು ಹಿಡಿಯಿರಿ, ಮಗು ನಿಮ್ಮ ಬೆರಳು ಹಿಡಿಯುವುದು ಸಾಲದು. ತುಟಿ ನೀಲಿಯಾಗಿ ಹಲ್ಲು ಕಟಕಟ ಅಂದರೂ 'ನಂಗೆ ಚಳಿ ಇಲ್ಲ' ಅನ್ನುತ್ತಾನೆ ನಮ್ಮವನು. ಆ ಮಾತು ಕೇಳಬೇಡಿ, ತುಟಿ ನೋಡಿ. ಎತ್ತಿಕೊಂಡು ಬಂದು ಟವೆಲ್ ಸುತ್ತಿ ಅಜ್ಜಿಯ ಪಕ್ಕ ಕೂರಿಸಿ. ಹೆಣ್ಣುಮಕ್ಕಳ ಕೂದಲಿಗೆ ಒಂದು ಮಾತು: ಕೊಳಕ್ಕೆ ಇಳಿಯುವ ಮುಂಚೆ ಶವರಿನ ನೀರಿನಲ್ಲಿ ತಲೆ ಪೂರ್ತಿ ನೆನೆಸಿ ಜಡೆ ಹಾಕಿ. ಮೊದಲೇ ನೆನೆದ ಕೂದಲು ಕ್ಲೋರಿನ್ ನೀರನ್ನು ಕಮ್ಮಿ ಹೀರುತ್ತದೆ.

ಮುಚ್ಚುವ ಹೊತ್ತಿಗೆ ಒಂದು ಗಂಟೆ ಮುಂಚೆ ನೀರಿನಿಂದ ಎದ್ದುಬಿಡಿ. ಕೊನೆಯಲ್ಲಿ ಎಲ್ಲರೂ ಒಟ್ಟಿಗೇ ಬಟ್ಟೆ ಬದಲಿಸಲು ಬರುತ್ತಾರೆ, ಲಾಕರಿನ ಮುಂದೆ ಸಾಲು, ಪಾರ್ಕಿಂಗಿನಲ್ಲಿ ಸಾಲು. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್ ತಲೆಗೊಂದು ಇರಲಿ, ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಮನೆಗೆ ಬಂದು ಯಾರದ್ದು ಯಾವುದು ಅಂತ ಬಿಡಿಸುವವಳು ನಾನೇ. ಕಾರಿನಲ್ಲಿ ಹೆಚ್ಚಿಗೆ ಒಂದು ಜೊತೆ ಒಣ ಬಟ್ಟೆ ಇಡಿ.

ಉಳಿದುಕೊಳ್ಳಬೇಕೋ ಬೇಡವೋ ಅಂತ ತುಂಬ ಜನ ಕೇಳುತ್ತಾರೆ. ಪಾರ್ಕಿನ ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ. ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುವವರು ಒಂದು ರಾತ್ರಿ ಎಲ್ಲಾದರೂ ಮಲಗಿ ಎದ್ದು ಪಾರ್ಕಿಗೆ ಹೋಗುವುದೇ ಸರಿ, ನಿದ್ದೆಗೆಟ್ಟು ರೈಡ್ ಹತ್ತಿದರೆ ತಲೆ ಸುತ್ತುವುದು ಜಾಸ್ತಿ. ನಮಗೆ ತುಮಕೂರಿಗೆ ವಾಪಸ್ಸಾಗುವುದು ಕಷ್ಟವಲ್ಲ. ಇನ್ನು ಮನೆಯಲ್ಲಿ ಇರುವುದೆಲ್ಲ ಪುಟ್ಟ ಮಕ್ಕಳೇ ಆದರೆ, 60ಕ್ಕೂ ಹೆಚ್ಚು ರೈಡ್‌ಗಳಿಗೆ ದುಡ್ಡು ಕೊಟ್ಟು ಅದರಲ್ಲಿ ಕೆಲವನ್ನಷ್ಟೇ ನೋಡುವುದು ನನಗೆ ಲೆಕ್ಕ ಸರಿ ಕಾಣುವುದಿಲ್ಲ. ಮೈಸೂರಿನಲ್ಲಿ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದಕ್ಕಿಂತ ಚಿಕ್ಕದು, ನಡೆಯುವುದು ಕಮ್ಮಿ, ಮಾರನೇ ದಿನ ಮೃಗಾಲಯವನ್ನೂ ತೋರಿಸಿಕೊಂಡು ಬರಬಹುದು. ನನ್ನ ತಂಗಿಗೆ ಅವಳಿ ಮಕ್ಕಳು, ಇನ್ನೂ ಮೂರು ವರ್ಷ ತುಂಬಿಲ್ಲ. ಅವಳಿಗೆ ನಾನು ಹೇಳಿರುವುದೂ ಇದನ್ನೇ.