ಕಸೂತಿ ಶಿಬಿರಕ್ಕೆ ಕಿಟ್ ಹೊತ್ತು ಹೊರಡುವವರಿಗೆ

ಮೊದಲ ಸಲ ಬೀದರ್‌ನ ಕಸೂತಿ ಶಿಬಿರಕ್ಕೆ ಹೋದಾಗ ನಾನು 25 ಕಿಟ್ ಒಯ್ದಿದ್ದೆ. ಕಿಟ್ ಅಂದರೆ ಬಟ್ಟೆ, ದಾರ, ಸೂಜಿ, ನಕ್ಷೆ ಸೇರಿಸಿ ಕಟ್ಟಿದ ಪೊಟ್ಟಣ. ಎರಡನೇ ದಿನ ಮಧ್ಯಾಹ್ನ ಒಬ್ಬ ಅಜ್ಜಿ ನನ್ನ ಮೇಜಿನ ಹತ್ತಿರ ಬಂದರು. "ದಾರ ಮುಗದದ್ರಿ ಅಕ್ಕೋರೆ, ಬಳ್ಳಿ ಇನ್ನಾ ಅರ್ಧ ಉಳದದ" ಅಂದರು. ಅವರ ಹಿಂದೆ ಇನ್ನೂ ಮೂವರು ನಿಂತಿದ್ದರು.

ಕಿಟ್‌ನಲ್ಲಿ ದಾರ ಹಾಕುವಾಗ ನಾನು ನನ್ನ ಕೈಯ ಲೆಕ್ಕ ಹಿಡಿದಿದ್ದೆ. ನಾನು ಹಾಕಿದ ಹೊಲಿಗೆಯನ್ನು ಬಿಚ್ಚುವುದು ಕಡಿಮೆ. ಹೊಸಬರು ಎಣಿಕೆ ತಪ್ಪುತ್ತಾರೆ, ಬಿಚ್ಚುತ್ತಾರೆ, ಬಿಚ್ಚಿದ ದಾರ ಜುಂಗು ಏಳುತ್ತದೆ, ಅದನ್ನು ಕತ್ತರಿಸಿ ಹೊಸ ಎಳೆ ತಗೊಳ್ಳುತ್ತಾರೆ. ಕಲಿಯುವವರ ಕೈಗೆ ಬೇಕಾದಷ್ಟು ದಾರ ನಾನು ಕೊಟ್ಟಿರಲಿಲ್ಲ. ಮನೆಯಿಂದ ತಂದ ಬಿಡಿ ಲಡಿಗಳನ್ನು ಹಂಚಿ ಹೇಗೋ ಆ ದಿನ ದಾಟಿಸಿದೆ. ಡಿಸೈನ್ ಮಾಡಿ, ಅದನ್ನೇ ಕಲಿಸಿ, ಅದರ ಕಿಟ್ ಮಾರುವವರು ಮೊದಲು ನೋಡಬೇಕಾದ್ದು ಇದೇ: ಕೊಂಡವರು ನಾವು ಕೊಟ್ಟದ್ದರಲ್ಲೇ ಕೆಲಸ ಮುಗಿಸಲು ಆಗುತ್ತದಾ?

ಈಗ ನನ್ನ ಲೆಕ್ಕ ಹೀಗಿದೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಮನೆ (ಬಟ್ಟೆಯ ಎಳೆಗಳ ಒಂದು ಚೌಕ) ಬಿಟ್ಟು ಒಂದು ತುಂಬುತ್ತೇವೆ. ಬರುವಾಗ ಬಿಟ್ಟ ಮನೆ ತುಂಬುತ್ತೇವೆ. ಅಂದರೆ ಗೆರೆಯ ಉದ್ದದ ಎರಡರಷ್ಟು ದಾರ ಬೇಕು. ಅದಕ್ಕೆ ಇನ್ನೂ ಅರ್ಧ ಸೇರಿಸುತ್ತೇನೆ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ತುದಿಗಳನ್ನು ಹೊಲಿಗೆಯೊಳಗೇ ಸೇರಿಸಬೇಕು. ಆ ತುದಿಗಳೇ ಸುಮಾರು ದಾರ ತಿನ್ನುತ್ತವೆ. ಆ್ಯಂಕರ್ ಕಂಪನಿಯ ದಾರದ ಒಂದು ಲಡಿ 8 ಮೀಟರ್, 6 ಎಳೆ. ಎರಡೆರಡು ಎಳೆ ಬಿಡಿಸಿದರೆ 24 ಮೀಟರ್ ಸಿಗುತ್ತದೆ. ಅದನ್ನು ಒಂದೂವರೆ ಅಡಿಯ ತುಂಡು ಮಾಡಲು ಹೇಳಿಕೊಡಿ. ಉದ್ದ ದಾರ ತಗೊಂಡರೆ ಬೇಗ ಆಗುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ, ಆದರೆ ಅದು ಸಿಕ್ಕಾಗುತ್ತದೆ, ಹೊಳಪೂ ಹೋಗುತ್ತದೆ.

ಇನ್ನು ಡಿಸೈನ್. ನನ್ನ ಅತ್ತೆ ಧಾರವಾಡದ ಕಡೆಯವರು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ನಾಲ್ಕೂ ಹೊಲಿಗೆ ಅವರಿಂದಲೇ ಕಲಿತೆ. ಗೋಪುರ, ತೇರು, ತುಳಸಿಕಟ್ಟೆ ಎಲ್ಲಾ ಶಿಬಿರಗಳಲ್ಲೂ ಇರುತ್ತವೆ. ಬೀದರ್‌ಗೆ ಹೋಗುವಾಗ ಬೀದರ್‌ನದ್ದೇ ಒಂದು ಒಯ್ಯಬೇಕು ಅನಿಸಿತು. ಬಿದ್ರಿ ಹೂಜಿಯ ಮೇಲಿನ ಬಳ್ಳಿ ನೋಡಿದ್ದೀರಲ್ವಾ? ಕಪ್ಪು ಲೋಹದಲ್ಲಿ ಬೆಳ್ಳಿಯ ಗೆರೆ. ಕಸೂತಿಗೂ ಕಪ್ಪು ಹೊಸದಲ್ಲ, ಕಸೂತಿ ಹಾಕುವ ಚಂದ್ರಕಾಳಿ ಸೀರೆ ಕಪ್ಪೇ. ಹಾಗಾಗಿ ಕಪ್ಪು ಮ್ಯಾಟಿ (ಎಳೆ ಎಣಿಸಲು ಬರುವ ಬಟ್ಟೆ), ಬೂದುಬಿಳಿ ದಾರ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಅದನ್ನು ನೋಡಿ ಬಂದ ಮೇಲೆ ಆ ಬಣ್ಣ ಗಟ್ಟಿ ಮಾಡಿಕೊಂಡೆ.

ಆದರೆ ಬಳ್ಳಿ ಬಾಗುತ್ತದೆ, ಕಸೂತಿ ಬಾಗುವುದಿಲ್ಲ. ಅಡ್ಡ, ಉದ್ದ, ಓರೆ ಇಷ್ಟೇ ನಮಗಿರುವುದು. ಬಳ್ಳಿಯ ಪ್ರತಿ ಬಾಗನ್ನೂ ಮೆಟ್ಟಿಲು ಮಾಡಬೇಕು. ನಾನು ಹನ್ನೊಂದು ಸಂಜೆ ಗ್ರಾಫ್ ಹಾಳೆಯ ಮೇಲೆ ಅಳಿಸಿ ಬರೆದೆ. ಚಂದ ಕಂಡರೆ ಸಾಲದು, ದಾರಿಯೂ ಇರಬೇಕು. ಸೂಜಿ ಎಲ್ಲಿಂದ ಹೊರಟು, ಎಲೆಗೆ ಯಾವಾಗ ಹೊರಳಿ, ಹೇಗೆ ವಾಪಸ್ ಬರಬೇಕು ಅನ್ನುವುದನ್ನು ನಕ್ಷೆಯಲ್ಲೇ ತೋರಿಸಿ. ಹೋಗುವ ದಾರಿಗೆ ಕೆಂಪು ಬಾಣ, ಬರುವ ದಾರಿಗೆ ನೀಲಿ ಬಾಣ. ಬಾಣ ಇಲ್ಲದ ನಕ್ಷೆ ಕೊಟ್ಟರೆ ಹಿಂಬದಿಯಲ್ಲಿ ದಾರ ಅಡ್ಡಾದಿಡ್ಡಿ ಹಾರುತ್ತದೆ. ಗವಂತಿಯಲ್ಲಿ ಎರಡೂ ಬದಿ ಒಂದೇ ಥರ ಕಾಣಬೇಕು.

ನಕ್ಷೆ ಮುಗಿದ ಮೇಲೆ ಕಸೂತಿ ಗೊತ್ತಿಲ್ಲದ ಒಬ್ಬರ ಕೈಯಲ್ಲಿ ಕೊಟ್ಟು ಹೊಲಿಸಿ. ನೀವು ಪಕ್ಕದಲ್ಲಿ ಸುಮ್ನೆ ಕೂತಿರಿ, ಮಾತಾಡಬೇಡಿ. ಎಲ್ಲಿ ಅವರು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ನಕ್ಷೆ ತಿದ್ದಬೇಕು. ನನ್ನ ತಂಗಿಯ ಮಗಳು ಹೀಗೆ ಏಳು ಕಡೆ ನನ್ನ ಮುಖ ನೋಡಿದಳು.

ಪ್ರಿಂಟ್ ಹಾಕಿಸುವಾಗ ಅಂಗಡಿಯಲ್ಲೇ ನಿಂತು ಒಂದು ಹಾಳೆ ಪರೀಕ್ಷಿಸಿ. ಒಂದು ಸಲ ಝೆರಾಕ್ಸ್ ಅಂಗಡಿಯವರು ಹಾಳೆಗೆ ಕೂರಲಿ ಅಂತ ನಕ್ಷೆ ಚಿಕ್ಕದು ಮಾಡಿಬಿಟ್ಟರು. ಮನೆಗೆ ಬಂದು ನೋಡಿದರೆ ತೆಳು ಗೆರೆಗಳೇ ಮಾಯ. ಮೂವತ್ತು ಹಾಳೆ ಮತ್ತೆ ಹಾಕಿಸಬೇಕಾಯಿತು. ಹತ್ತು ಮನೆಗೊಂದು ದಪ್ಪ ಗೆರೆ ಇರಲಿ. ವಯಸ್ಸಾದವರಿಗೆ ಅಂತ ದೊಡ್ಡ ಹಾಳೆಯ ಐದಾರು ಪ್ರತಿ ಬೇರೆ ಇಡಿ.

ಬಟ್ಟೆಯ ಅಳತೆ ಸುಲಭ. ಐಡಾ ಅಂದರೆ ಚೌಕ ಚೌಕವಾಗಿ ನೇಯ್ದ ಬಟ್ಟೆ. 14 ಕೌಂಟ್ ಅಂದರೆ ಇಂಚಿಗೆ 14 ಮನೆ. ಡಿಸೈನ್ 98 ಮನೆ ಅಗಲ ಇದ್ದರೆ 7 ಇಂಚು. ಸುತ್ತ ಮೂರು ಮೂರು ಇಂಚು ಬಿಟ್ಟು 13 ಇಂಚು ಕತ್ತರಿಸಿ. ಮ್ಯಾಟಿ ಹಾಗಲ್ಲ, ಥಾನಿನಿಂದ ಥಾನಿಗೆ ಎಣಿಕೆ ಬದಲಾಗುತ್ತದೆ. ಬಟ್ಟೆ ಕೊಳ್ಳಲು ಮಾರ್ಕೆಟ್‌ಗೆ ಹೋಗುವಾಗ ನಾನು ಸ್ಕೇಲ್ ಮತ್ತು ಸೂಜಿ ಒಯ್ದು ಅಲ್ಲೇ ಎಣಿಸುತ್ತೇನೆ. ಅಂಚು ಬಿಚ್ಚದಂತೆ ಮೊದಲೇ ಮಷಿನ್ ಹೊಲಿಗೆ ಹಾಕಿಸಿ. ಸೂಜಿ 24 ನಂಬರಿನ ಮೊಂಡು ತುದಿಯದು, ಕಿಟ್‌ಗೆ ಎರಡು. ಕೆಂಪು ದಾರ ಇದ್ದರೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡದೆ ಕಿಟ್‌ಗೆ ಹಾಕಲೇಬೇಡಿ.

ಬೆಲೆ ಹೇಳಲು ನಾಚಿಕೆ ಬೇಡ. ನನ್ನ ಕಿಟ್‌ಗೆ ಸಾಮಾನಿನ ಖರ್ಚು 140 ರೂಪಾಯಿ, ಮಾರುವುದು 350ಕ್ಕೆ. ಆ ಹನ್ನೊಂದು ಸಂಜೆಗೂ ಬೆಲೆ ಇದೆ, ಓಡಾಟಕ್ಕೂ ಇದೆ, ಮಾರದೆ ಉಳಿಯುವ ಕಿಟ್‌ಗಳಿಗೂ ಇದೆ. ಬಟ್ಟೆ, ದಾರ ಮನೆಯಲ್ಲೇ ಇದೆ ಅನ್ನುವವರಿಗೆ ಬರೀ ನಕ್ಷೆ 80 ರೂಪಾಯಿ. ಕಸೂತಿ, ಸಂಡೂರಿನ ಲಂಬಾಣಿ ಕಸೂತಿ, ಬಿದ್ರಿ ಮೂರಕ್ಕೂ ಜಿಐ ಗುರುತು (ಒಂದು ಊರಿನ ಕಲೆಯ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಗುರುತು) ಇದೆ. ಆದ್ದರಿಂದ ನನ್ನ ಕಿಟ್ ಮೇಲೆ "ಬಿದ್ರಿ ಬಳ್ಳಿ ನೋಡಿ ಮಾಡಿದ ಕಸೂತಿ ನಕ್ಷೆ" ಅಂತ ಪೂರ್ತಿ ಬರೆಯುತ್ತೇನೆ. ನಮ್ಮ ಸುತ್ತಲಿನ ಲಂಬಾಣಿ ತಾಂಡಾದ ಹೆಣ್ಣುಮಕ್ಕಳಿಂದ ಡಿಸೈನ್ ಕಲಿತಿದ್ದರೆ ಅದನ್ನೂ ಮೇಜಿನ ಮೇಲೆ ಬರೆದಿಡಿ. ಅವರಿಗೂ ದುಡ್ಡು ಕೊಡಿ.

ಶಿಬಿರ ನಡೆಸುವವರ ಹತ್ತಿರ ಮೊದಲೇ ಕೇಳಬೇಕಾದ್ದು: ಮೇಜಿಗೆ ಬಾಡಿಗೆಯೋ, ಮಾರಾಟದಲ್ಲಿ ಪಾಲೋ? ಕಲಿಸಿದ್ದಕ್ಕೆ ಸಂಭಾವನೆ ಬೇರೆಯೋ? ಕಿಟ್ ದುಡ್ಡು ಶಿಬಿರದ ಶುಲ್ಕದಲ್ಲೇ ಸೇರಿದೆಯೋ? ಉತ್ತರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ದಿನಾಂಕ ಕೇಳಿದರೆ ಎಳ್ಳಮಾವಾಸ್ಯೆಯ ಆಚೆ ಈಚೆ ಬೇಡ ಅನ್ನಿ. ನಮ್ಮ ಕಡೆ ಆ ವಾರ ಹೆಣ್ಣುಮಕ್ಕಳು ಸಜ್ಜೆ ರೊಟ್ಟಿ, ಭಜ್ಜಿ ಕೆಲಸದಲ್ಲಿರುತ್ತಾರೆ, ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ. ಏಪ್ರಿಲ್, ಮೇ ಬಿಸಿಲಿನಲ್ಲೂ ಬೇಡ, ಬೆವರಿದ ಕೈಗೆ ಸೂಜಿ ಜಾರುತ್ತದೆ.

2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಶುರುವಾದ ಮೇಲೆ ನಮಗೆ ಸಾಮಾನು ಒಯ್ಯುವುದು ಸಲೀಸಾಗಿದೆ. ಕಮಲಾಪುರ, ಹುಮನಾಬಾದ್ ಮೇಲೆ ಹೋಗುತ್ತದೆ. ಎರಡು ಚೀಲ ಸಾಕು. ಒಂದರಲ್ಲಿ ಕಿಟ್, ಇನ್ನೊಂದರಲ್ಲಿ ಹೊಲಿದ ಮಾದರಿ, ಬಿಡಿ ದಾರ, ಕತ್ತರಿ, ಚಾರ್ಜ್ ಆಗುವ ದೀಪ, ಹತ್ತು ಇಪ್ಪತ್ತರ ಚಿಲ್ಲರೆ, ಕ್ಯೂಆರ್ ಕೋಡ್. ಮಾದರಿ ಇರುವ ಚೀಲ ಮಾತ್ರ ಕೈಯಲ್ಲೇ ಇರಲಿ. ಕಿಟ್ ಕಳೆದರೆ ಮತ್ತೆ ಕಟ್ಟಬಹುದು.

ಮೇಜಿಗೆ ಏನು ಹಾಸಬೇಕು? ಮೊದಲ ವರ್ಷ ನಮ್ಮವ್ವ ಹೊಲಿದ ಕೌದಿ ಹಾಸಿದ್ದೆ. ಎಲ್ಲರೂ ಕೌದಿಯನ್ನೇ ಸವರಿ ನೋಡಿದರು, ಅದರ ಮೇಲಿನ ಕಿಟ್ ಕಣ್ಣಿಗೆ ಬೀಳಲಿಲ್ಲ. ಈಗ ಕೌದಿ ಗೋಡೆಗೆ, ಮೇಜಿಗೆ ಒಂದೇ ಬಣ್ಣದ ಬಟ್ಟೆ. ಮಾದರಿಯ ಎರಡೂ ಬದಿ ಕಾಣುವ ಹಾಗೆ ದಾರ ಕಟ್ಟಿ ನೇತು ಹಾಕಿ.

ಕಲಿಸುವ ಹೊತ್ತಲ್ಲಿ ಮೇಜಿಗೆ ಬಟ್ಟೆ ಮುಚ್ಚಿ. ಇದರಲ್ಲಿ ನಾನು ಗಟ್ಟಿ. ಒಬ್ಬರು ಎಣಿಸುತ್ತಾ ಕೂತಾಗ ಇನ್ನೊಬ್ಬರಿಗೆ ದಾರದ ರೇಟು ಹೇಳುತ್ತಾ ನಿಂತರೆ, ಎಣಿಸುವವರ ಲೆಕ್ಕ ತಪ್ಪುತ್ತದೆ. ಚಹಾ ಹೊತ್ತು, ಊಟದ ನಂತರದ ಅರ್ಧ ಗಂಟೆ, ಸಂಜೆ. ಮಾರಾಟಕ್ಕೆ ಅಷ್ಟು ಸಾಕು. ಊಟ ಆದ ಮೇಲೆ ಸೋಪು ಹಾಕಿ ಕೈ ತೊಳೆಯಲು ಹೇಳಿ. ಶೇಂಗಾ ಹಿಂಡಿಯ ಎಣ್ಣೆ ಬಟ್ಟೆಗೆ ಹತ್ತಿದರೆ ಹೋಗುವುದು ಕಷ್ಟ.

ಕಪ್ಪು ಬಟ್ಟೆ ಕೊಟ್ಟರೆ ತೊಡೆಯ ಮೇಲೆ ಹಾಸಲು ಒಂದು ಬಿಳಿ ಟವೆಲ್ ತರಲು ಹೇಳಿ. ಕೆಳಗೆ ಬಿಳಿ ಇದ್ದರೆ ಎಳೆಗಳ ನಡುವಿನ ತೂತು ಕಾಣುತ್ತದೆ. ಆದರೂ ಸಂಜೆ ಆರರ ನಂತರ ಕಪ್ಪಿನ ಮೇಲೆ ಹೊಲಿಸಬೇಡಿ. ಆಗ ಬಿಳಿ ಐಡಾ ಮೇಲೆ ಮೆಂತಿ ಹೊಲಿಗೆಯ ಏನಾದರೂ ಚಿಕ್ಕದು ಕೊಡಿ. ಹರಟೆ ಹೊಡೆಯುತ್ತಾ ಹೊಲಿಯಬಹುದು.

ಕೊನೆಯ ದಿನ ಯಾರದು ಅರ್ಧಕ್ಕೆ ನಿಂತಿದೆ ಅಂತ ಬರೆದುಕೊಂಡು, ಅವರಿಗೆ ಇನ್ನೆರಡು ತುಂಡು ದಾರ ಹೆಚ್ಚಿಗೆ ಕೊಡಿ. ದುಡ್ಡು ತಗೋಬೇಡಿ. ಮುಗಿದ ಮೇಲೆ ಫೋಟೊ ಕಳಿಸಲು ಹೇಳಿ, ಹಿಂಬದಿಯದ್ದು. ಆ ಅಜ್ಜಿಯ ಫೋಟೊ ಎರಡು ತಿಂಗಳ ನಂತರ ಅವರ ಮೊಮ್ಮಗನ ಫೋನಿನಿಂದ ಬಂತು. ಯಾವುದು ಮುಂದೆ, ಯಾವುದು ಹಿಂದೆ ಅಂತ ನನಗೆ ಗೊತ್ತಾಗಲಿಲ್ಲ. ಫೋನ್ ಮಾಡಿ ಕೇಳಿದೆ.