ನಾಲ್ಕು ರೂಪಾಯಿಯ ಷೇರಿಗೆ ದಲಾಲಿ ಎಷ್ಟು?

ಒಣದ್ರಾಕ್ಷಿ ಮಾರಿದ ರೈತ ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ನೋಡುವುದು ದರವನ್ನಲ್ಲ, ಕಡಿತವನ್ನು. ತೂಕಕ್ಕೆಷ್ಟು, ಹಮಾಲಿಗೆಷ್ಟು ಎಂದು ಬೆರಳಿಟ್ಟು ಕೇಳುತ್ತಾನೆ. ವಿಜಯಪುರದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವ ನನಗೆ ಇದು ದಿನನಿತ್ಯದ ಮಾತು. ಅದೇ ರೈತನ ಮಗ ಮೊಬೈಲಿನಲ್ಲಿ ನಾಲ್ಕು ರೂಪಾಯಿಯ ಷೇರು ಕೊಂಡು, 'ಕಾಕಾ, ಹತ್ತು ಪರ್ಸೆಂಟ್ ಏರಿತು, ಆದರೆ ಖಾತೆಗೆ ಅಷ್ಟು ಬಂದಿಲ್ಲ' ಎಂದು ಬರುತ್ತಾನೆ. ಅಂಥವರಿಗೆ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಷೇರು ಕೊಂಡು ಮಾರಿಸಿಕೊಡುವ ದಲ್ಲಾಳಿ (ಬ್ರೋಕರ್) ಕಂಪನಿಗಳನ್ನು ಹೋಲಿಸುವಾಗ ಜಾಹೀರಾತಿನ ದೊಡ್ಡ ಅಕ್ಷರವನ್ನು ಬಿಡಿ. ಒಂದೇ ಪ್ರಶ್ನೆ ಕೇಳಿ: ನಿಮ್ಮ ಶುಲ್ಕ ರೂಪಾಯಿಯ ಮೇಲೋ, ಆರ್ಡರಿನ ಮೇಲೋ, ಷೇರಿನ ಮೇಲೋ? ದುಬಾರಿ ಷೇರಿನಲ್ಲಿ ಇದು ಅಷ್ಟೇನೂ ವ್ಯತ್ಯಾಸ ಮಾಡುವುದಿಲ್ಲ. ಅಗ್ಗದ ಷೇರಿನಲ್ಲಿ ಲಾಭ ನಷ್ಟ ನಿಲ್ಲುವುದೇ ಇದರ ಮೇಲೆ.

ಕಾಗದ ತೆಗೆದುಕೊಳ್ಳಿ. 4 ರೂಪಾಯಿಯಂತೆ 1,000 ಷೇರು ಕೊಂಡಿರಿ, 4,000 ರೂಪಾಯಿ. ಕೆಲವು ದಿನ ಇಟ್ಟುಕೊಂಡು 4.40ಕ್ಕೆ ಮಾರಿದಿರಿ, 4,400. ಮೇಲ್ನೋಟಕ್ಕೆ ಲಾಭ 400.

ಶೇಕಡಾ 0.5 ಹಾಕುವ ದಲ್ಲಾಳಿ ಕೊಳ್ಳುವಾಗ 20, ಮಾರುವಾಗ 22 ರೂಪಾಯಿ ಹಿಡಿಯುತ್ತಾನೆ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿದರೆ ಸುಮಾರು 50. ಆರ್ಡರಿಗೆ 20 ರೂಪಾಯಿ ಹಾಕುವವನದು ಜಿಎಸ್‌ಟಿ ಸೇರಿ 47.20. ಇಬ್ಬರೂ ಹೆಚ್ಚುಕಡಿಮೆ ಒಂದೇ. ಈಗ ದರಪಟ್ಟಿಯ ಕೆಳಗಿನ ಸಣ್ಣ ಅಕ್ಷರಕ್ಕೆ ಬನ್ನಿ: 'ಪ್ರತಿ ಷೇರಿಗೆ ಕನಿಷ್ಠ 5 ಪೈಸೆ.' ಐದು ಪೈಸೆ ಈಗ ಭಿಕ್ಷುಕನಿಗೂ ಬೇಡ. ಆದರೆ ಸಾವಿರ ಷೇರಿಗೆ ಅದು 50 ರೂಪಾಯಿ, ಎರಡು ಕಡೆ ಸೇರಿ 100, ಜಿಎಸ್‌ಟಿಯೊಂದಿಗೆ 118. ಅದೇ 4,000 ರೂಪಾಯಿಗೆ 400ರ ಬೆಲೆಯ ಹತ್ತು ಷೇರು ಕೊಂಡವನಿಗೆ ಈ ಕನಿಷ್ಠ ದರ ತಾಗುವುದೇ ಇಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ದಲಾಲಿಯ ಗರಿಷ್ಠ ಮಿತಿ ವ್ಯವಹಾರದ ಮೌಲ್ಯದ ಶೇಕಡಾ 2.5. ಆದರೆ ಷೇರಿನ ಬೆಲೆ 10 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪ್ರತಿ ಷೇರಿಗೆ 25 ಪೈಸೆಯವರೆಗೆ ತೆಗೆದುಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ. ನಮ್ಮ ಉದಾಹರಣೆಗೆ ಅದನ್ನು ಪೂರ್ತಿ ಹಾಕಿದರೆ 500 ರೂಪಾಯಿ, ಜಿಎಸ್‌ಟಿ ಸೇರಿ 590. ಷೇರು ಹತ್ತು ಪರ್ಸೆಂಟ್ ಏರಿದರೂ ಕೈಯಿಂದಲೇ ಹಣ ಹೋಯಿತು! ಅಷ್ಟನ್ನೂ ಎಲ್ಲರೂ ಹಾಕುತ್ತಾರೆ ಎಂದಲ್ಲ. ಹಾಕಿದರೆ ನಿಯಮದ ಒಳಗೇ ಇರುತ್ತದೆ, ನೀವು ಜಗಳಾಡುವಂತಿಲ್ಲ.

ಹಾಗಾದರೆ ದಲಾಲಿ ಸೊನ್ನೆ ಎನ್ನುವವನ ಹತ್ತಿರ ಹೋದರಾಯಿತಲ್ಲ? ಹೋಗಿ, ಇಟ್ಟುಕೊಳ್ಳುವ ಷೇರಿಗೆ ಅದೇ ವಾಸಿ. ಆದರೆ ಅಲ್ಲಿಯೂ ಡಿಪಿ ಶುಲ್ಕ ಇದೆ. ಷೇರು ಜಮಾ ಇರುವ ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋದಾಗ ಬೀಳುವ ಶುಲ್ಕ ಅದು. ಒಂದು ಕಂಪನಿಯ ಷೇರಿಗೆ ದಿನಕ್ಕೊಮ್ಮೆ, ಹತ್ತು ಷೇರಾದರೂ ಹತ್ತು ಸಾವಿರವಾದರೂ ಅಷ್ಟೇ. ಅದರಲ್ಲಿ ಷೇರುಗಳನ್ನು ಕಾಯ್ದಿಡುವ ಸಂಸ್ಥೆಯಾದ ಸಿಡಿಎಸ್‌ಎಲ್ ಪಾಲು 3.50 ರೂಪಾಯಿ, ಉಳಿದದ್ದು ದಲ್ಲಾಳಿ ಕಂಪನಿಯದು ಮತ್ತು ಜಿಎಸ್‌ಟಿ. ಎಲ್ಲ ಸೇರಿ ಹದಿನೈದು ರೂಪಾಯಿಯ ಆಚೀಚೆ ಇರುವುದು ಸಾಮಾನ್ಯ. (ಖಾತೆಯಲ್ಲಿ ಮೊದಲ ಹೆಸರು ಮಹಿಳೆಯದಾದರೆ ಸಿಡಿಎಸ್‌ಎಲ್ 25 ಪೈಸೆ ಬಿಡುತ್ತದೆ. ಅಷ್ಟಕ್ಕಾಗಿ ಹೆಂಡತಿಯ ಹೆಸರಿನಲ್ಲಿ ಖಾತೆ ತೆರೆಯಲು ಓಡಬೇಡಿ.) 2 ರೂಪಾಯಿಯ 200 ಷೇರು ಮಾರಿದವನಿಗೆ ಬರುವುದು 400, ಹೋಗುವುದು 15. ಹೆಚ್ಚುಕಡಿಮೆ ಶೇಕಡಾ 4. ಅದನ್ನೇ ಇವತ್ತು ನೂರು, ನಾಳೆ ನೂರು ಎಂದು ಮಾರಿದರೆ ಎರಡು ಸಲ. ಮಾರುವುದಾದರೆ ಒಂದೇ ದಿನ ಮಾರಿ ಮುಗಿಸಿ.

ಆರ್ಡರಿಗೆ 20 ಎನ್ನುವಲ್ಲಿಯೂ ಇಂಥದ್ದೇ ಒಂದು ತೊಡಕು. ಅಗ್ಗದ ಷೇರಿನಲ್ಲಿ ಕೊಳ್ಳುವವರೂ ಮಾರುವವರೂ ಕಡಿಮೆ. ಸಾವಿರ ಕೇಳಿದರೆ ಇವತ್ತು ಮುನ್ನೂರು ಸಿಗುತ್ತದೆ, ಉಳಿದ ಆರ್ಡರ್ ಸಂಜೆಗೆ ರದ್ದು. ನಾಳೆ ಹೊಸ ಆರ್ಡರ್, ಹೊಸ 20.

ಎಸ್‌ಟಿಟಿ (ಷೇರು ವ್ಯವಹಾರದ ಮೇಲೆ ಸರ್ಕಾರ ಹಾಕುವ ತೆರಿಗೆ), ಸ್ಟಾಂಪ್ ಶುಲ್ಕಗಳನ್ನು ಹೋಲಿಕೆಯಲ್ಲಿ ತರಬೇಡಿ, ಅವು ಎಲ್ಲರ ಬಳಿಯೂ ಒಂದೇ. ಇಟ್ಟುಕೊಂಡು ಮಾರುವ ಷೇರಿಗೆ ಎಸ್‌ಟಿಟಿ ಎರಡೂ ಕಡೆ ಶೇಕಡಾ 0.1, ಸ್ಟಾಂಪ್ ಕೊಳ್ಳುವಾಗ ಮಾತ್ರ ಶೇಕಡಾ 0.015. ನಮ್ಮ ಲೆಕ್ಕದಲ್ಲಿ ಒಟ್ಟು ಒಂಬತ್ತು ರೂಪಾಯಿ ಅಷ್ಟೇ. 'ಅದೇ ದಿನ ಕೊಂಡು ಮಾರಿದರೆ ಡಿಪಿ ಉಳಿಯುತ್ತದಲ್ಲ' ಎನ್ನುವ ಜಾಣರಿಗೆ ಒಂದು ಮಾತು: ಇಂಥ ಷೇರುಗಳಲ್ಲಿ ಬಹಳಷ್ಟು, ಷೇರು ಪೇಟೆ ಬಿಗಿ ನಿಯಮ ಹಾಕಿದ ಟಿ ಅಥವಾ ಝಡ್ ಗುಂಪಿನಲ್ಲಿರುತ್ತವೆ. ಅಲ್ಲಿ ಷೇರು ಖಾತೆಗೆ ಬರಲೇಬೇಕು, ಅದೇ ದಿನದ ಆಟ ನಡೆಯುವುದಿಲ್ಲ. ಬೆಲೆ ಒಂದು ದಿನದಲ್ಲಿ ಏರಿಳಿಯಬಹುದಾದ ಮಿತಿಯೂ ಬಿಗಿ, ಕೆಲವಕ್ಕೆ ಶೇಕಡಾ 2 ಅಷ್ಟೇ. ಅಂದರೆ 5 ಪೈಸೆಯ ದಲಾಲಿ ಕೊಡುವವನು ಖರ್ಚು ಹೊರಡಿಸಿಕೊಳ್ಳಲಿಕ್ಕೇ ಒಂದೆರಡು ದಿನ ಷೇರು ಗರಿಷ್ಠ ಮಿತಿಗೆ ಏರಬೇಕು.

ಖಾತೆಯ ವಾರ್ಷಿಕ ಶುಲ್ಕವನ್ನೂ ಕೇಳಿ. 2024ರ ಸೆಪ್ಟೆಂಬರ್‌ನಿಂದ ಬೇಸಿಕ್ ಸರ್ವೀಸಸ್ ಡಿಮ್ಯಾಟ್ ಖಾತೆಯಲ್ಲಿ 4 ಲಕ್ಷದವರೆಗಿನ ಹೂಡಿಕೆಗೆ ಈ ಶುಲ್ಕವಿಲ್ಲ. ಒಬ್ಬರಿಗೆ ಒಂದೇ ಡಿಮ್ಯಾಟ್ ಇದ್ದರೆ ಇದು ಸಿಗುತ್ತದೆ. ಹೊಸ ಆ್ಯಪ್ ಬಂದಾಗಲೆಲ್ಲ ಖಾತೆ ತೆರೆದವರಿಗೆ ಸಿಗುವುದಿಲ್ಲ.

ಕೊನೆಗೆ, ಹೋಲಿಸಿದ್ದು ನಿಜವೇ ಎಂದು ಮೊದಲ ವ್ಯವಹಾರದಲ್ಲೇ ತಾಳೆ ನೋಡಿ. ವ್ಯವಹಾರದ ಪಟ್ಟಿ, ಅಂದರೆ ಕಾಂಟ್ರ್ಯಾಕ್ಟ್ ನೋಟ್, 24 ಗಂಟೆಯೊಳಗೆ ಇಮೇಲಿಗೆ ಬರಬೇಕು. ಅದರಲ್ಲಿ ದಲಾಲಿಯ ಅಂಕಣವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ, ಷೇರಿಗೆ ಎಷ್ಟು ಪೈಸೆ ಬಿತ್ತು ಎಂಬುದು ಗೊತ್ತಾಗುತ್ತದೆ. ಡಿಪಿ ಶುಲ್ಕವನ್ನು ಮಾತ್ರ ಅಲ್ಲಿ ಹುಡುಕಬೇಡಿ, ಅದು ಲೆಡ್ಜರಿನಲ್ಲಿ ಬೇರೆಯಾಗಿ ಖರ್ಚು ಬೀಳುತ್ತದೆ. ಆ್ಯಪ್‌ನಲ್ಲಿ ಲೆಡ್ಜರ್ ಎಲ್ಲಿದೆ ಎಂದು ತಿಳಿಯದಿದ್ದರೆ ಅವರ ಸಹಾಯವಾಣಿಗೆ ಫೋನ್ ಮಾಡಿ ಕೇಳಿ. ತೋರಿಸಲೇಬೇಕು, ಅದು ನಿಮ್ಮ ಲೆಕ್ಕ.