ಬೀಜ ಫ್ರಿಡ್ಜ್‌ಗೆ ಹಾಕುವ ಮುಂಚೆ

ಬೀಜ ಫ್ರಿಡ್ಜ್‌ನಲ್ಲಿಟ್ಟರೆ ಕೆಡೋದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮ ಸಣ್ಣ ನರ್ಸರಿಯಲ್ಲಿ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಅಶೋಕ, ರಾಮಪತ್ರೆ, ಮುರುಗಲು ಇವೆಲ್ಲ ಒದ್ದೆ ತರಗೆಲೆಯ ಅಡಿಯಲ್ಲೇ ಮೊಳೆಯುವ ಮರದ ಜಾತಿ. ಬೀಜ ಒಣಗಿತೋ, ಮುಗಿಯಿತು. ಫ್ರಿಡ್ಜ್‌ನ ಚಳಿಯೂ ತಡೆಯೋದಿಲ್ಲ. ಹಾಗಾಗಿ ಆರಿಸಿ ತಂದ ಕೂಡಲೇ ಬಿತ್ತುತ್ತೇನೆ. ತಡವಾಗುವಂತಿದ್ದರೆ ಚೀಲದಲ್ಲಿ ತುಂಬಿದ ಒದ್ದೆ ಮರಳಿನಲ್ಲಿ ಹೂತು ನೆರಳಲ್ಲಿಡುತ್ತೇನೆ. ಮರಳು ಮುಷ್ಟಿಯಲ್ಲಿ ಉಂಡೆಯಾಗಬೇಕು, ಹಿಂಡಿದರೆ ನೀರು ಬರಬಾರದು. ಚೀಲದ ಬಾಯಿ ಬಿಗಿಯಾಗಿ ಕಟ್ಟಬೇಡಿ. ಬೀಜಕ್ಕೂ ಉಸಿರು ಬೇಕಲ್ವಾ, ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಮುರುಗಲಿನ ಬಳಗದ್ದೇ ಆದ ಉಪ್ಪಾಗೆ ಮರದ ಬೀಜ ಮಾತ್ರ ಮಹಾ ಸೋಮಾರಿ. ತಾಜಾ ಬೀಜ ಹಾಕಿದರೂ ತಿಂಗಳುಗಟ್ಟಲೆ ಏಳೋದಿಲ್ಲ. ಹೊರಸಿಪ್ಪೆ ಬಿಡಿಸಿ ಹಾಕಿದರೆ ಬೇಗ.

ಅಶ್ವಗಂಧ, ತುಳಸಿ, ನೆಲಬೇವಿನದು ಪೂರ್ತಿ ಉಲ್ಟಾ. ಇವು ಒಣಗಿದಷ್ಟೂ ಬಾಳುತ್ತವೆ. ಬೀಜದ ತೇವ ಶೇ. 1 ಇಳಿದರೆ ಆಯಸ್ಸು ಸುಮಾರು ದುಪ್ಪಟ್ಟು, ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಅಷ್ಟೇ ಅನ್ನೋದು ಹಳೆಯ ಲೆಕ್ಕ. ನಮ್ಮಲ್ಲಿ ತೇವವೇ ದೊಡ್ಡ ಶತ್ರು. ಜೂನ್ ಹಿಡಿದರೆ ಡಬ್ಬಿಯ ಉಪ್ಪೇ ನೀರೊಡೆಯುವ ಊರು ಇದು. ಒಣಗಿದ ಬೀಜವೂ ಗಾಳಿಯಿಂದ ತೇವ ಹೀರುತ್ತದೆ. ಅದಕ್ಕೇ ಮೇ ತಿಂಗಳೊಳಗೆ ನೆರಳಲ್ಲಿ ಹರಡಿ ಒಣಗಿಸಿ ಮುಗಿಸುತ್ತೇನೆ. ತಗಡಿನ ಮಾಡಿನ ಅಟ್ಟ ಬೇಡ, ಬೇಸಿಗೆಯಲ್ಲಿ ಅಲ್ಲಿ ಬೀಜ ಬೇಯುತ್ತದೆ.

ಒಣಗಿದೆಯಾ ಅಂತ ನೋಡೋಕೆ ಮೀಟರ್ ಬೇಕಿಲ್ಲ. ಒಣ ಗಾಜಿನ ಬಾಟಲಿಗೆ ಸ್ವಲ್ಪ ಬೀಜ, ಒಂದಿಷ್ಟು ಒಣ ಪುಡಿಉಪ್ಪು ಹಾಕಿ ಕುಲುಕಿ ಬಿಡಿ. ಸ್ವಲ್ಪ ಹೊತ್ತಿನ ಮೇಲೆ ಉಪ್ಪು ಗಾಜಿಗೆ ಅಂಟಿದ್ದರೆ ಇನ್ನೂ ಹಸಿ. ಉಪ್ಪಿನ ಜೊತೆ ಹಾಕಿದ ಆ ಸ್ವಲ್ಪ ಬೀಜ ಮತ್ತೆ ಬಿತ್ತನೆಗಿಲ್ಲ. ಉಳಿದದ್ದು ಒಣಗಿದ ಮೇಲೆ ಬಾಟಲಿಗೆ. ತೇವ ಹೀರಲಿ ಅಂತ, ಹುರಿದು ಮುಚ್ಚಿಟ್ಟೇ ತಣಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಗೆ ಹಾಕುತ್ತೇನೆ. ಆಮೇಲೆ ಫ್ರಿಡ್ಜ್.

ಜನ ಕೆಡಿಸಿಕೊಳ್ಳುವುದು ಹೊರಗೆ ತೆಗೆದಾಗ. ತಣ್ಣನೆ ಬಾಟಲಿಯ ಮುಚ್ಚಳ ಮಳೆಗಾಲದ ಗಾಳಿಯಲ್ಲಿ ತೆರೆದರೆ ಬೀಜದ ಮೇಲೇ ನೀರು ಕೂರುತ್ತದೆ. ಬಾಟಲಿ ಕೋಣೆಯ ಬಿಸಿಗೆ ಬರುವವರೆಗೂ ಮುಟ್ಟಬಾರದು. ಬೇಕಾದಷ್ಟು ಮಾತ್ರ ತೆಗೆಯುವಂತೆ ಸಣ್ಣ ಸಣ್ಣ ಬಾಟಲಿ ಮಾಡಿಟ್ಟರೆ ಇನ್ನೂ ಒಳ್ಳೇದು.

ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ಎಣಿಸದೆ ನಾನು ಬೀಜ ಯಾರಿಗೂ ಕೊಡೋದಿಲ್ಲ. ಆದರೆ ಹೊಸ ನೆಲಬೇವಿನ ಬೀಜ ಏಳಲಿಲ್ಲ ಅಂತ ಸುಮ್ನೆ ಎಸೆಯಬೇಡಿ. ಅದು ಮಲಗಿರುತ್ತದೆ. ಕೆಲವು ತಿಂಗಳು ಒಣಗಿ ಕೂತ ಮೇಲೆ ಮತ್ತೆ ನೋಡಿ.